ಎರಡನೇ ನೀರು

ನಮ್ಮದು ಅರಸೀಕೆರೆ, ರೈಲು ಜಂಕ್ಷನ್ನಿನ ಊರು. ಬೇಲೂರು, ಹಳೇಬೀಡು ನೋಡಲು ಹೊರಟ ನೆಂಟರು ಇಲ್ಲಿ ಇಳಿದು, ನಮ್ಮ ಮನೆಯಲ್ಲಿ ಕಾಫಿ ಕುಡಿದೇ ಮುಂದೆ ಹೋಗುವುದು. ಹಾಗಾಗಿ ಮೂವತ್ತು ವರ್ಷಗಳಿಂದ ನನ್ನ ಮರ್ಯಾದೆ ಫಿಲ್ಟರಿನ ಮೇಲೆ ನಿಂತಿದೆ. ಮೊದಲ ಡಿಕಾಕ್ಷನ್ ನೆಂಟರಿಗೆ ಮತ್ತು ಮನೆಯ ಗಂಡಸರಿಗೆ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಸುರಿದು ಇಳಿಸಿದ್ದು ಅಡುಗೆಮನೆಯವರಿಗೆ. ನಮ್ಮತ್ತೆ ಕುಡಿದದ್ದು ಅದನ್ನೇ, ನಾನು ಕುಡಿದದ್ದೂ ಅದನ್ನೇ.

ಇಂಥ ನನಗೆ ಹೋದ ವರ್ಷ ಅಣ್ಣನ ಮಗಳು ಚೀನಾದ ಊಲಾಂಗ್ ಟೀ ತಂದುಕೊಟ್ಟಳು. ಫೂಜಿಯನ್ ಪ್ರಾಂತ್ಯದ ವೂಯಿ ಬೆಟ್ಟದ್ದು. ಕಪ್ಪಗೆ ಸುರುಟಿಕೊಂಡ ಎಲೆ. ಎಂದಿನಂತೆ ಹಾಲು ಸಕ್ಕರೆ ಹಾಕಿ ಕುದಿಸಿದೆ. ನಮ್ಮವರು ಒಂದು ಗುಟುಕು ಕುಡಿದು, "ಹಾಲು ತಳ ಹತ್ತಿತೇನೇ?" ಎಂದರು.

ತಪ್ಪು ನನ್ನದು. ಊಲಾಂಗ್ ಎಂದರೆ ಹಸಿರು ಟೀಗೂ ನಮ್ಮ ಕಪ್ಪು ಟೀಗೂ ನಡುವಿನದು. ಎಲೆಯನ್ನು ಬಾಡಿಸಿ, ಅಲುಗಿಸಿ, ಅಂಚು ಕೆಂಪಾಗಲು ಬಿಟ್ಟು, ಪೂರ್ತಿ ಕಪ್ಪಾಗುವ ಮೊದಲೇ ಬಿಸಿ ತಗುಲಿಸಿ ತಡೆಯುತ್ತಾರೆ. ಆಮೇಲೆ ಬಿದಿರು ಬುಟ್ಟಿಯಲ್ಲಿಟ್ಟು, ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಗಂಟೆಗಟ್ಟಲೆ ಹುರಿಯುತ್ತಾರೆ. ಬೆಂಕಿಯ ಘಾಟು ಇಳಿಯಲೆಂದು ತಿಂಗಳುಗಟ್ಟಲೆ ಹಾಗೇ ಇಡುವುದೂ ಉಂಟು.

ಮರುದಿನ ಹುಡುಗಿ ಹೇಳಿದಂತೆ ಮಾಡಿದೆ. 100 ಮಿಲಿಲೀಟರ್ ಹಿಡಿಯುವ ಪಿಂಗಾಣಿ ಬಟ್ಟಲಿಗೆ 5 ಗ್ರಾಂ ಎಲೆ. ಕುದಿಯುವ ನೀರು ಹುಯ್ದು, 15 ಸೆಕೆಂಡಿಗೆಲ್ಲ ಒಂದು ಹನಿಯೂ ಉಳಿಯದಂತೆ ಸೋಸುವುದು. ನೀರು ನಿಂತರೆ ಒಗರು. ಮೊದಲ ನೀರಿನಲ್ಲಿ ಬರೀ ಹುರಿದ ವಾಸನೆ. ತೆಂಗಿನ ಸೀಮೆಯವಳಾದ ನನಗೆ ಚಿಪ್ಪಿನ ಕೆಂಡ ನೆನಪಾಯಿತು. ಎರಡನೆಯದಕ್ಕೆ ಎಲೆ ಬಿಚ್ಚಿಕೊಂಡಿತು. ಹೊಗೆ ಹಿಂದೆ ಸರಿದು ಹಣ್ಣಿನಂಥ ಕಂಪು ಬಂತು. ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ, ಗಂಟಲಲ್ಲಿ ಸಿಹಿ. ಐದನೇ ನೀರಿನವರೆಗೂ ರುಚಿಯಿತ್ತು. ಹಳೇಬೀಡಿನ ಗೋಡೆಯೂ ಹೀಗೆಯೇ ಅಲ್ಲವೇ? ಮೊದಲ ಸುತ್ತಿಗೆ ಬರೀ ಬೆರಗು. ಸಾಲಿನ ಒಂದೊಂದು ಆನೆಯೂ ಬೇರೆಯೆಂದು ಕಾಣುವುದು ಎರಡನೇ ಸುತ್ತಿಗೆ.

ದೋಷವಿಲ್ಲವೆಂದಲ್ಲ. ಹುರಿದದ್ದು ಅತಿಯಾದರೆ ಎಲೆಯ ಗುಣ ಸತ್ತು ಇದ್ದಿಲೇ ಉಳಿಯುತ್ತದೆ. ಕಳಪೆ ಎಲೆಯನ್ನು ಮರೆಸಲೂ ಅದು ಸುಲಭದ ಉಪಾಯ. ನಾವೂ ಕಾಫಿಬೀಜ ಸೀಯಿಸಿ, ಮೇಲೆ ಚಿಕೋರಿ ಸುರಿದು, ಆ ಕಪ್ಪನ್ನೇ 'ಸ್ಟ್ರಾಂಗ್' ಎಂದು ಹೊಗಳುವುದಿಲ್ಲವೇ? ಬಣ್ಣ ರುಚಿಯಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಎರಡನೇ ನೀರಿಗಾಗಿ ಗೌರವದಿಂದ ಕಾಯುವವರೂ ಲೋಕದಲ್ಲಿದ್ದಾರಲ್ಲ! ಆ ಟೀಯ ಎಲೆ ನಿಧಾನವಾಗಿ ಕೊಡುತ್ತದೆ. ಬೀಸಿದ ಕಾಫಿಪುಡಿ ಹಾಗಲ್ಲ. ಸಾರವನ್ನೆಲ್ಲ ಮೊದಲ ನೀರಿಗೇ ಕೊಟ್ಟುಬಿಡುತ್ತದೆ. ಉಳಿಯುವುದು ತೆಳ್ಳನೆಯ ಕಹಿ. ಅದನ್ನು ಕುಡಿದು ನಾವು ಉಳಿತಾಯವೆಂದು ಹೇಳಿಕೊಂಡೆವು. ಉಳಿತಾಯವೇ ಆಗಿದ್ದರೆ ಸರದಿಯ ಮೇಲೆ ಎಲ್ಲರೂ ಕುಡಿಯಬೇಕಿತ್ತು, ನೀವೇ ಹೇಳಿ.

ಹೋದ ವಾರ ಬೇಲೂರಿಗೆ ಹೊರಟ ನೆಂಟರು ಬಂದಿದ್ದರು. ಮೊದಲ ಡಿಕಾಕ್ಷನ್ನಿನ ಲೋಟವನ್ನು ನಮ್ಮತ್ತೆಯ ಮುಂದಿಟ್ಟೆ. "ಅವರಿಗೆ?" ಎಂದರು, ಗಾಬರಿಯಿಂದ.

"ಅವರಿಗೂ ಇದೆ ಅತ್ತೆ. ಎರಡು ಚಮಚ ಪುಡಿ ಜಾಸ್ತಿ ಹಾಕಿದ್ದೇನೆ."

ಚರಟ ಮಲ್ಲಿಗೆ ಗಿಡದ ಬುಡಕ್ಕೆ ಹೋಯಿತು.