ಮೃದಂಗದ ಎಡಮುಖ ಮತ್ತು ಮುದ್ರಿತ ನಾದ

ಮೃದಂಗವಾದಕರ ಹಿರಿಮೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಲಯದ ಲೆಕ್ಕಾಚಾರವನ್ನೇ ನೆಚ್ಚಿಕೊಂಡಿವೆ. ಯಾವ ತಾಳದಲ್ಲಿ ಎಂತಹ ಮೋರಾ, ಎಂತಹ ಕೋರ್ವೆ ಕಟ್ಟಲಾಯಿತು, ಯಾವ ನಡೆಯಿಂದ ಯಾವ ನಡೆಗೆ ಸರಿಯಲಾಯಿತು ಎಂಬುದನ್ನು ದಾಖಲಿಸುವುದು ಸುಲಭ, ಸೊಲ್ಲುಗಳಿಗೆ ಅಕ್ಷರರೂಪವಿದೆ. ನಾದಕ್ಕೆ ಅಂತಹ ಲಿಪಿಯಿಲ್ಲ. ಹೀಗಾಗಿ ಒಂದೇ ಚಾಪಿನಲ್ಲಿ ಒಬ್ಬ ವಾದಕನನ್ನು ಮತ್ತೊಬ್ಬನಿಂದ ಬೇರ್ಪಡಿಸಿ ತೋರುವ ಗುಣವು ವಿಮರ್ಶೆಯ ಹೊರಗೇ ಉಳಿದಿದೆ. ಹಿಂದಿನ ತಲೆಮಾರಿನವರನ್ನು ಇಂದಿನ ಕೇಳುಗರು ಅರಿಯುವುದು ಧ್ವನಿಮುದ್ರಿಕೆಗಳ ಮೂಲಕ. ಆ ಮುದ್ರಿಕೆಗಳು ಏನನ್ನು ಉಳಿಸಿಕೊಂಡಿವೆ, ಏನನ್ನು ಕಳೆದಿವೆ ಎಂಬ ವಿಚಾರಣೆಯಿಲ್ಲದೆ ನೀಡುವ ತೀರ್ಪು ಒಂದೇ ಕಿವಿಯಿಂದ ಕೇಳಿ ನೀಡಿದ ತೀರ್ಪಾಗುತ್ತದೆ.

ಮೃದಂಗವು ಶ್ರುತಿಬದ್ಧವಾದ ಅವನದ್ಧ ವಾದ್ಯ. ಬಿಗಿದ ಚರ್ಮದ ಕಂಪನಗಳು ಸಹಜವಾಗಿ ಒಂದಕ್ಕೊಂದು ಸರಳ ಅನುಪಾತದಲ್ಲಿ ಇರುವುದಿಲ್ಲ. ಅನೇಕ ಚರ್ಮವಾದ್ಯಗಳಿಗೆ ಸದ್ದಿದ್ದರೂ ನಿಶ್ಚಿತ ಸ್ವರವಿಲ್ಲದಿರುವುದು ಇದರಿಂದಲೇ. ಬಲಮುಖದ ನಡುವೆ ಲೇಪಿಸುವ ಕಪ್ಪು ಕರಣೆಯು ಈ ಕೊರತೆಯನ್ನು ನೀಗುತ್ತದೆ. ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ 1920ರಲ್ಲಿ ಸಹಲೇಖಕರೊಡನೆ 'ನೇಚರ್' ಪತ್ರಿಕೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಿಯತಕಾಲಿಕದಲ್ಲಿ ಅದನ್ನೇ ವಿಸ್ತರಿಸಿ, ಒಂಬತ್ತು ಬಗೆಯ ಕಂಪನಗಳು ಹೇಗೆ ಐದು ಸಂವಾದಿ ಸ್ವರಗಳಾಗಿ ಕೂಡಿಕೊಳ್ಳುತ್ತವೆ ಎಂಬುದನ್ನು ತೋರಿಸಿದರು. ಭೌತವಿಜ್ಞಾನದ ಕುತೂಹಲವು ಪ್ರಧಾನವಾಗಿ ಬಲಮುಖದ ಮೇಲೆ ನೆಟ್ಟಿತು. ಸಂಗೀತದ ಕಿವಿಗೆ ಎಡಮುಖವೂ ಅಷ್ಟೇ ಮುಖ್ಯ. ನೀರಿನಲ್ಲಿ ಕಲಸಿದ ರವೆಯ ಲೇಪದಿಂದ ಬಲಮುಖಕ್ಕಿಂತ ಸುಮಾರು ಒಂದು ಸ್ಥಾಯಿ ಕೆಳಗೆ ನಿಲ್ಲುವ ತೊಪ್ಪಿ, ಅದರ ಮೇಲೆ ಅಂಗೈಯ ಒತ್ತಡದಿಂದ ಜಾರಿ ಬರುವ ಗುಮ್ಕಿ, ಇವು ಹಾಡಿನ ಕೆಳಗೆ ನೆಲವನ್ನು ಹಾಸುತ್ತವೆ. ಪಾಲ್ಘಾಟ್ ಮಣಿ ಅಯ್ಯರ್ (1912–1981) ಹಾಗೂ 1962ರಲ್ಲಿ ತೀರಿಕೊಂಡ ಪಳನಿ ಸುಬ್ರಹ್ಮಣ್ಯ ಪಿಳ್ಳೈ ಇಬ್ಬರಲ್ಲಿಯೂ ರಸಿಕರು ಕೊಂಡಾಡುತ್ತ ಬಂದಿರುವುದರಲ್ಲಿ ತೊಪ್ಪಿಯ ನಾದಕ್ಕೆ ದೊಡ್ಡ ಪಾಲಿದೆ. ಪಿಳ್ಳೈ ಎಡಗೈ ವಾದಕರಾಗಿದ್ದರು. ಬಲಗೈಯೇ ಅವರ ತೊಪ್ಪಿಯನ್ನು ನುಡಿಸುತ್ತಿತ್ತು.

ಧ್ವನಿಮುದ್ರಣದಲ್ಲಿ ಮೊದಲು ನಷ್ಟವಾದದ್ದು ಈ ಎಡಮುಖವೇ. ತುತ್ತೂರಿಯ ಮುಂದೆ ಹಾಡಿ ಮೇಣದ ಮೇಲೆ ಗೆರೆ ಕೊರೆಸುತ್ತಿದ್ದ ಕಾಲದಲ್ಲಿ ಕೆಳಸ್ಥಾಯಿಯ ಕಂಪನಗಳನ್ನು ಹಿಡಿಯುವ ಶಕ್ತಿ ಯಂತ್ರಕ್ಕಿರಲಿಲ್ಲ. ಬಲವಾದ ಪೆಟ್ಟಿಗೆ ಸೂಜಿ ಹಾದಿ ತಪ್ಪುವ ಭಯ ಬೇರೆ. ತಾಳವಾದ್ಯವನ್ನು ಗಾಯಕನ ಹಿಂದೆ, ದೂರದಲ್ಲಿ ಕೂರಿಸುವುದು ಅನಿವಾರ್ಯವಾಗಿತ್ತು. 1925ರಿಂದೀಚೆಗೆ ವಿದ್ಯುತ್ ಮುದ್ರಣ ಬಂದ ಮೇಲೆ ಕೆಳಸ್ಥಾಯಿ ಮರಳಿತಾದರೂ ಮುಂದಿನ ದಶಕಗಳಲ್ಲಿ ತೊಡಕು ತಿರುವುಮುರುವಾಯಿತು. ಮೈಕು ವಾದ್ಯದ ಮುಖಕ್ಕೇ ಬಂದು ನಿಂತಿತು. ಒಂದೇ ದಿಕ್ಕಿನ ನಾದವನ್ನು ಹೆಚ್ಚಾಗಿ ಗ್ರಹಿಸುವ ಮೈಕುಗಳು ಸಮೀಪದ ಮಂದ್ರವನ್ನು ಉಬ್ಬಿಸುತ್ತವೆ. ಗೇಣುದೂರದಲ್ಲಿ ಹಿಡಿದ ತೊಪ್ಪಿ ಊದಿಕೊಂಡು ಕೇಳುತ್ತದೆ. ಬಲಮುಖದಲ್ಲಿ ಬೆರಳು ಚರ್ಮಕ್ಕೆ ತಾಗುವ ಟಕಟಕ ಮುಂದಾಗಿ, ಸ್ವರ ಹಿಂದಾಗುತ್ತದೆ. ಎರಡು ಮುಖಗಳ ನಾದ ಗಾಳಿಯಲ್ಲಿ ಬೆರೆಯುವ ಮೊದಲೇ ತಂತಿಯಲ್ಲಿ ಬೇರೆಬೇರೆಯಾಗಿ ಹರಿಯುತ್ತದೆ. ಇಂತಹ ಮುದ್ರಣದಲ್ಲಿ ಎದ್ದು ಕಾಣುವುದು ವೇಗ. ವೇಗವೇ ಮಹತ್ತ್ವದ ಅಳತೆಯಾದುದರಲ್ಲಿ ವಾದಕರಿಗಿಂತ ಮೈಕಿನ ಪಾಲು ಕಡಿಮೆಯೇನಲ್ಲ.

ಮಣಿ ಅಯ್ಯರ್ ಅವರು ಧ್ವನಿವರ್ಧಕವನ್ನು ವಿರೋಧಿಸಿ ಮೈಕಿಲ್ಲದ ಕಚೇರಿಗಳನ್ನು ನಡೆಸಿದ್ದನ್ನು ಒಂದು ಮೊಂಡುತನವೆಂದು ಬಣ್ಣಿಸುವುದು ರೂಢಿ. 1966ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವವನ್ನು ಪಡೆದ ಮೊದಲ ಮೃದಂಗ ವಿದ್ವಾಂಸರ ಈ ನಿಲುವನ್ನು ನಾದವಿಮರ್ಶೆಯಾಗಿ ಓದುವುದು ಹೆಚ್ಚು ಉಚಿತ. ಅವರ ಹಿರಿಮೆ ಪಕ್ಕವಾದ್ಯದಲ್ಲಿತ್ತು: ಕೃತಿಯ ಸಂಗತಿ ಏರುವಲ್ಲಿ ಏರಿ, ಸಾಹಿತ್ಯ ಉಸಿರೆಳೆಯುವಲ್ಲಿ ಕೈ ಹಿಂದೆಗೆದು, ಹಾಡನ್ನೇ ಇನ್ನಷ್ಟು ಕೇಳುವಂತೆ ಮಾಡುವುದು. ಸುಮ್ಮನಿರುವ ಕೈಯ ಬೆಲೆಯನ್ನು ಹತ್ತಿರದ ಮೈಕು ಹಿಡಿಯಲಾರದು. ಅವರಿದ್ದ ಕಚೇರಿಮುದ್ರಿಕೆಗಳಲ್ಲಿ ಕೆಲವು ಮಸುಕಾಗಿದ್ದರೂ ಮನಸ್ಸಿನಲ್ಲಿ ನಿಲ್ಲಲು ಕಾರಣ, ಅಲ್ಲಿ ಮೃದಂಗ ಹಾಡಿನೊಳಗಿನಿಂದ ಕೇಳಿಬರುವುದು. ತನಿ ಆವರ್ತನವನ್ನಷ್ಟೇ ಕತ್ತರಿಸಿಟ್ಟುಕೊಂಡು ಅವರನ್ನು ಅಳೆಯುವವರು ಅವರ ಅರ್ಧ ಕೆಲಸವನ್ನು ಕೇಳಿಯೇ ಇಲ್ಲ.

ದೂರದ ಈ ಮಹತ್ತ್ವಕ್ಕೆ ತೀರ ಅನ್ಯವಾದ ಸಂಪ್ರದಾಯದಲ್ಲಿಯೂ ಸಾಕ್ಷ್ಯವಿದೆ. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡವು 1971ರಲ್ಲಿ ಹೊರತಂದ ನಾಲ್ಕನೆಯ ಸಂಪುಟದಲ್ಲಿ 'ವೆನ್ ದ ಲೆವೀ ಬ್ರೇಕ್ಸ್' ಎಂಬ ಹಾಡಿದೆ. ಹ್ಯಾಂಪ್‌ಷೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲಂಕಣದ ಕೆಳಗೆ ಜಾನ್ ಬೋನ್‌ಹ್ಯಾಮ್ ಡ್ರಮ್ ನುಡಿಸಿದರು. ಆಂಡಿ ಜಾನ್ಸ್ ಎರಡೇ ಮೈಕುಗಳನ್ನು ಮೆಟ್ಟಿಲ ಮೇಲಿನಿಂದ ತೂಗುಬಿಟ್ಟರು. ಲಯ ಸರಳ, ವೇಗ ಮಂದ. ಆ ನಾದ ಎಷ್ಟು ಗಾಢವಾಗಿ ಉಳಿಯಿತೆಂದರೆ, 1986ರಲ್ಲಿ ಬೀಸ್ಟಿ ಬಾಯ್ಸ್ ತಂಡವು ಆ ತುಣುಕನ್ನೇ ತೆಗೆದು ತಮ್ಮ ಹಾಡಿನ ಅಡಿಗಲ್ಲಾಗಿಸಿಕೊಂಡಿತು. ಅಲ್ಲಿ ಕಟ್ಟಡವೂ ವಾದ್ಯದ ಭಾಗ. ದಕ್ಷಿಣದ ಸಭಾಂಗಣಗಳ ಫ್ಯಾನುಗಳ ಸದ್ದಿನಲ್ಲಿ ಈ ಕ್ರಮ ಸುಲಭವಲ್ಲ ನಿಜ. ಪ್ರೇಕ್ಷಕರಿಲ್ಲದ ಧ್ವನಿಮುದ್ರಣ ಶಾಲೆಯಲ್ಲಿಯೂ ಅದನ್ನು ಪ್ರಯೋಗಿಸುವವರು ವಿರಳವೆಂಬುದು ಅಚ್ಚರಿ.

ಮುದ್ರಿಕೆಗಳು ಮರೆಮಾಡಿರುವ ಮತ್ತೊಂದು ಕೈಯಿದೆ. ಹಸು, ಆಡು, ಎಮ್ಮೆಗಳ ಚರ್ಮವನ್ನು ಆಯ್ದು, ಹದಮಾಡಿ, ಬಿಗಿದು, ಕರಣೆಯನ್ನು ಪದರ ಪದರವಾಗಿ ತೀಡಿ ಕೂರಿಸುವವನ ಕೈ ಅದು. ಟಿ.ಎಂ. ಕೃಷ್ಣ ಅವರ 'ಸೆಬಾಸ್ಟಿಯನ್ ಅಂಡ್ ಸನ್ಸ್' (2020) ಕೃತಿಯು ತಂಜಾವೂರು ಮೂಲದ ದಲಿತ ಕ್ರೈಸ್ತ ಮನೆತನಗಳ ಈ ದುಡಿಮೆಯನ್ನು ವಿಸ್ತಾರವಾಗಿ ದಾಖಲಿಸಿದೆ. ಮಣಿ ಅಯ್ಯರ್ ಅವರ ನಾದವೆಂದು ಇಂದು ಕರೆಯಲಾಗುತ್ತಿರುವುದು ಅವರಿಗಾಗಿ ದೀರ್ಘಕಾಲ ಮೃದಂಗ ಕಟ್ಟಿಕೊಟ್ಟ ಪರ್ಲಾಂದು ಅವರೊಡನೆ ನಡೆದ ನಿರಂತರ ಪ್ರಯೋಗದ ಫಲವೂ ಹೌದು. ಗಾಯಕ, ಪಿಟೀಲು, ಮೃದಂಗ, ಘಟಗಳ ಹೆಸರನ್ನು ಮುದ್ರಿಕೆಯ ಹೊದಿಕೆಗಳು ಅಚ್ಚುಹಾಕುತ್ತ ಬಂದಿವೆ. ವಾದ್ಯ ಕಟ್ಟಿದವರ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕುವ ಸಂಶೋಧಕ ಸಾಮಾನ್ಯವಾಗಿ ಬರಿಗೈಯಲ್ಲಿ ಮರಳಬೇಕಾಗುತ್ತದೆ.