ಗೋಡೆಯ ಅಂದ ಕೆಡಿಸದ ಕೈಚಳಕ

ಕಾಸರಗೋಡಿನ ಮುರಕಲ್ಲಿನ ಮನೆಗಳಿಗೆ ಅವುಗಳದ್ದೇ ಚೆಲುವಿದೆ. ಬೇಕಲ ಕೋಟೆ ಎದ್ದು ನಿಂತದ್ದೂ ಇದೇ ಕೆಂಪುಕಲ್ಲಿನಿಂದ. ಅಂಥ ಗೋಡೆಯ ಮೇಲೆ ಎಸಿಯ ಪೈಪು, ವಯರುಗಳು ಅಡ್ಡಾದಿಡ್ಡಿ ಜೋತುಬಿದ್ದರೆ ಮನೆಯ ಮುಖವೇ ಕೆಡುತ್ತದೆ. ಅವುಗಳನ್ನು ನೀಟಾಗಿ ಮರೆಮಾಡುವ ಕೆಲಸಗಾರರ ಕುಶಲತೆ ನಿಜಕ್ಕೂ ಮೆಚ್ಚತಕ್ಕದ್ದು.

ಸ್ಪ್ಲಿಟ್ ಎಸಿಗೆ ಎರಡು ತಾಮ್ರದ ಪೈಪು, ಕರೆಂಟಿನ ವಯರು, ನೀರು ಹೋಗುವ ಪೈಪು ಬೇಕು. ಪಳಗಿದವನು ಗೋಡೆಯ ತೂತನ್ನೇ ಹೊರಗಡೆಗೆ ತುಸು ಇಳಿಜಾರಾಗಿ ಕೊರೆಯುತ್ತಾನೆ. ಜೂನ್‌ನ ಗಾಳಿಮಳೆಯ ನೀರು ಒಳಗೆ ಬರಬಾರದಲ್ಲ! ಎರಡೂ ತಾಮ್ರದ ಪೈಪಿಗೆ ಬೇರೆಬೇರೆ ಫೋಮ್ ಹೊದಿಕೆ ಹಾಕುತ್ತಾನೆ. ತಿರುವಿನಲ್ಲಿ ಪೈಪು ನಜ್ಜಾಗದಂತೆ ನಿಧಾನವಾಗಿ ಬಗ್ಗಿಸಿ, ಮನೆಯ ಮೂಲೆಯಲ್ಲೋ ಮಳೆನೀರಿನ ಪೈಪಿನ ಪಕ್ಕದಲ್ಲೋ ನೇರವಾಗಿ ಇಳಿಸುತ್ತಾನೆ. ಮೇಲೆ ಪಿವಿಸಿ ಕೇಸಿಂಗ್, ಅದಕ್ಕೆ ಗೋಡೆಯದೇ ಬಣ್ಣ. ಸಾರಣೆ ಮಾಡದ ಗೋಡೆಯಾದರೆ ಕಲ್ಲಿನ ಮುಖ ಕೆಡದಂತೆ ಸಂದಿನ ಸಿಮೆಂಟಿಗೇ ಸ್ಕ್ರೂ ಹಾಕುತ್ತಾನೆ.

ಮುಚ್ಚಿಗೆಯಿಂದ ಬಾಳಿಕೆಯೂ ಹೆಚ್ಚು. ಬಿಸಿಲಿಗೆ ಫೋಮ್ ಪುಡಿಯಾಗುತ್ತದೆ, ಕಡಲಿನ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಗ್ಯಾಸ್ ಸೋರಿದರೆ ಬಿಚ್ಚಿ ನೋಡುವಂತೆ ಮುಚ್ಚಳ ಕೂರಿಸುವುದರಲ್ಲೇ ಅನುಭವ ಗೊತ್ತಾಗುವುದು. ಹೊರಗಿನ ಯೂನಿಟ್ಟನ್ನು ಮಾತ್ರ ಅವನು ಮುಚ್ಚುವುದಿಲ್ಲ; ಬಿಸಿಗಾಳಿ ಹೊರಹೋಗಲೇಬೇಕು.

ಮನೆ ಕಟ್ಟುವವರು ಗೋಡೆ ಏಳುವಾಗಲೇ ಈ ಪೈಪುಗಳ ದಾರಿಯನ್ನು ಗೊತ್ತುಮಾಡಿಕೊಳ್ಳಿ. ಇಂಥ ಕೆಲಸಗಾರ ಸಿಕ್ಕರೆ ಅವನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.