ಕೈಪಿಡಿಯೂ ಕೃಪೆಯೂ: ಲೋಯಿಸ್ ಗೂಲ್ಡ್ ಅವರ ‘ಎಕ್ಸ್’ ಕಥೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಸಭೆಯ ಕುಟುಂಬವೊಂದರಲ್ಲಿ ಮಗು ಹುಟ್ಟಿದ ಸುದ್ದಿ ಬಂದೊಡನೆ ಸಭಾಪಾಲಕನೂ ಕೇಳುವ ಮೊದಲ ಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ಈ ಪ್ರಶ್ನೆಗೆ ಉತ್ತರವೇ ದೊರೆಯದಿದ್ದರೆ ಏನಾದೀತೆಂಬುದನ್ನು ಅಮೆರಿಕದ ಲೇಖಕಿ ಲೋಯಿಸ್ ಗೂಲ್ಡ್ ಒಂದು ವಿನೋದಕಥೆಯಲ್ಲಿ ಕಲ್ಪಿಸಿದರು. ‘ಎಕ್ಸ್’ ಎಂಬ ಮಗುವಿನ ಆ ಕಥೆ 1972ರಲ್ಲಿ ‘ಮಿಜ್’ ಪತ್ರಿಕೆಯಲ್ಲಿ ಪ್ರಕಟವಾಗಿ, 1978ರಲ್ಲಿ ಮಕ್ಕಳ ಪುಸ್ತಕವಾಗಿ ಹೊರಬಂದಿತು. ಸಾಂಪ್ರದಾಯಿಕ ಲಿಂಗಪಾತ್ರಗಳನ್ನು ಹೇರದೆ ಮಗುವನ್ನು ಬೆಳೆಸುವ ಕುರಿತಾದ ಚರ್ಚೆಗಳಲ್ಲಿ ಇಂದಿಗೂ ನೆನೆಯಲ್ಪಡುವ ಈ ಕೃತಿಯನ್ನು ದೇವರ ವಾಕ್ಯದ ಬೆಳಕಿನಲ್ಲಿ ಓದಿ, ಅದರಿಂದ ನಾವು ಕಲಿಯಬೇಕಾದುದೇನು, ಒಪ್ಪಲಾಗದುದೇನು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಥೆಯ ಹಂದರ ಸರಳವಾದುದು. ವಿಜ್ಞಾನಿಗಳು ಗುಪ್ತ ಪ್ರಯೋಗವೊಂದನ್ನು ಕೈಗೊಂಡು ಜೋನ್ಸ್ ದಂಪತಿಗಳಿಗೆ ಒಂದು ಮಗುವನ್ನೂ ಒಂದು ದಪ್ಪ ಕೈಪಿಡಿಯನ್ನೂ ಒಪ್ಪಿಸುತ್ತಾರೆ. ಮಗು ಗಂಡೋ ಹೆಣ್ಣೋ ಎಂಬುದನ್ನು ಹೊರಗಿನ ಯಾರೂ ಅರಿಯಕೂಡದು. ಗಂಡುಮಗುವಿನಂತೆ ಅದನ್ನು ಎತ್ತಿ ಕುಣಿಸಲೂ ಬೇಕು, ಹೆಣ್ಣುಮಗುವಿನಂತೆ ಅಪ್ಪಿ ಮುದ್ದಿಸಲೂ ಬೇಕು. ಎರಡು ಬಗೆಯ ಆಟಿಕೆಗಳನ್ನೂ ಕೊಡಬೇಕು. ಬಂಧುಗಳು ಮುಜುಗರಪಡುತ್ತಾರೆ. ಶಾಲೆಯಲ್ಲಿ ಎಕ್ಸ್ ಎಲ್ಲದರಲ್ಲಿಯೂ ಮುಂದಾಗುತ್ತದೆ. ಸಹಪಾಠಿಗಳು ಅದನ್ನು ಅನುಸರಿಸತೊಡಗುತ್ತಾರೆ. ಕೆರಳಿದ ಪೋಷಕರು ತಜ್ಞರ ಪರೀಕ್ಷೆಯನ್ನು ಒತ್ತಾಯಿಸುತ್ತಾರೆ. ಪರೀಕ್ಷಿಸಿದ ತಜ್ಞರಾದರೋ, ಇಷ್ಟು ಗೊಂದಲವಿಲ್ಲದ ಮಗುವನ್ನು ತಾವು ಕಂಡೇ ಇಲ್ಲವೆಂದು ತೀರ್ಪು ನೀಡುತ್ತಾರೆ.

ಕಥೆಯ ಬಲವಿರುವುದು ಮಗುವಿನ ಚಿತ್ರಣದಲ್ಲಿ ಅಲ್ಲ, ಹಿರಿಯರ ಚಿತ್ರಣದಲ್ಲಿ. ಗೊಂದಲಕ್ಕೆ ಒಳಗಾಗುವವರು ಅವರೇ. ಇದು ಕೇವಲ ಕಲ್ಪನೆಯಲ್ಲವೆಂಬುದನ್ನು 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು ತೋರಿಸಿತು. ಹಳದಿ ಉಡುಪಿನ 3 ತಿಂಗಳ ಹೆಣ್ಣುಕೂಸನ್ನು ಕೆಲವರಿಗೆ ಹುಡುಗನೆಂದೂ ಕೆಲವರಿಗೆ ಹುಡುಗಿಯೆಂದೂ ಪರಿಚಯಿಸಲಾಯಿತು. ಇನ್ನು ಕೆಲವರಿಗೆ ಏನನ್ನೂ ಹೇಳಲಿಲ್ಲ. ಹುಡುಗಿಯೆಂದು ತಿಳಿದವರು ಹೆಚ್ಚಾಗಿ ಗೊಂಬೆಯನ್ನೇ ಕೈಗಿತ್ತರು. ಏನೂ ತಿಳಿಯದವರಲ್ಲಿ ಹುಡುಗನೆಂದು ಊಹಿಸಿದವರು ಬಿಗಿಯಾದ ಹಿಡಿತವನ್ನು ಕಂಡರು. ಹುಡುಗಿಯೆಂದು ಊಹಿಸಿದವರು ಮೃದುತ್ವವನ್ನು ಕಂಡರು. ಕೂಸು ಒಂದೇ, ಬೇರೆಯಾದುದು ನೋಟ. ಸೃಷ್ಟಿಕ್ರಮವೆಂದು ನಾವು ಬೋಧಿಸುವುದರಲ್ಲಿ ಸೃಷ್ಟಿಕರ್ತನದೆಷ್ಟು, ನಮ್ಮದೆಷ್ಟು ಎಂದು ಕೇಳಿಕೊಳ್ಳಲು ಇದು ಸಾಕು.

ಶಾಸ್ತ್ರವನ್ನೇ ನೋಡೋಣ. ಆದಿಕಾಂಡ 25ರಲ್ಲಿ ಏಸಾವನು ಬೇಟೆಗಾರ, ಯಾಕೋಬನು ಗುಡಾರದಲ್ಲಿದ್ದು ಅಡಿಗೆ ಮಾಡುವವನು. ಯಾಕೋಬನಿಗೆ ಅಲ್ಲಿ ಬಳಸಿರುವ ‘ತಾಮ್’ ಎಂಬ ಹೀಬ್ರೂ ವಿಶೇಷಣವನ್ನೇ ಯೋಬನ ಗ್ರಂಥದ ಮೊದಲ ವಚನವು ಯೋಬನಿಗೂ ಬಳಸುತ್ತದೆ. ಯಾಕೋಬನ ಕಪಟವನ್ನು ಶಾಸ್ತ್ರ ಮರೆಮಾಚುವುದಿಲ್ಲ. ಆದರೆ ಅವನು ಒಲೆಯ ಬಳಿ ಇದ್ದುದನ್ನು ಎಲ್ಲಿಯೂ ಹಳಿಯುವುದಿಲ್ಲ. ಎಫೆಸ 6:4 ತಂದೆಗಳನ್ನು ಉದ್ದೇಶಿಸಿದ್ದು. ಅಲ್ಲಿ ಮಕ್ಕಳನ್ನು ಸಾಕಿ ಸಲಹುವುದಕ್ಕೆ ಇರುವ ಗ್ರೀಕ್ ಕ್ರಿಯಾಪದವು 5:29ರಲ್ಲಿ ಒಬ್ಬನು ತನ್ನ ದೇಹವನ್ನು ಪೋಷಿಸುವುದಕ್ಕೆ ಬಳಸಿದ ಪದವೇ ಆಗಿದೆ. ನಾವು ತಾಯಿಗೆ ಮಾತ್ರ ಬಿಟ್ಟುಕೊಟ್ಟ ಕೆಲಸವನ್ನು ಈ ಪತ್ರಿಕೆಯು ತಂದೆಗೆ ವಹಿಸುತ್ತದೆ. 1 ಥೆಸಲೋನಿಕ 2ರಲ್ಲಿ ಪೌಲನು ತನ್ನ ಸೇವೆಯನ್ನು ಮೊದಲು ಮೊಲೆಯೂಡಿಸುವ ತಾಯಿಗೂ ಕೆಲವೇ ವಚನಗಳ ನಂತರ ತಂದೆಗೂ ಹೋಲಿಸುತ್ತಾನೆ. ಹಾಗಾದರೆ ಅಳುವ ಹುಡುಗನನ್ನು ‘ಹೆಣ್ಣಿನಂತೆ ಅಳಬೇಡ’ ಎಂದು ಗದರಿಸುವ ಮನೆಗೆ ಶಾಸ್ತ್ರದ ಆಧಾರವೆಲ್ಲಿ?

ಇಷ್ಟರ ಮಟ್ಟಿಗೆ ಗೂಲ್ಡ್ ಅವರ ಕಥೆ ನಮ್ಮ ಮಿತ್ರ. ಆದರೂ ಮೂರು ಆಕ್ಷೇಪಗಳು ಉಳಿಯುತ್ತವೆ.

ಮೊದಲನೆಯದು, ಎಕ್ಸ್ ಒಂದು ಪ್ರಯೋಗ. ಅದರ ಪ್ರತಿಯೊಂದು ಮುದ್ದಾಟವೂ ಕೈಪಿಡಿಯ ಪ್ರಕಾರ ನಡೆಯುತ್ತದೆ. ಮಗು ದೇವರ ದಾನವೆಂಬ 127ನೆಯ ಕೀರ್ತನೆಯ ತಿಳಿವಿಗೆ ಇಲ್ಲಿ ಸ್ಥಾನವಿಲ್ಲ. ಹಳೆಯ ನಿಯಮವನ್ನು ತೆಗೆದು ಹೊಸ ನಿಯಮವನ್ನು ಇಟ್ಟಂತಾಯಿತು. ಗೊಂಬೆ ಬೇಡವೆನ್ನುವ ಹುಡುಗನಿಗೆ ಸಿದ್ಧಾಂತಕ್ಕಾಗಿ ಗೊಂಬೆ ಕೊಡುವುದೂ ಒತ್ತಾಯವೇ.

ಎರಡನೆಯದು, ಕಥೆಯಲ್ಲಿ ದೇಹವು ಗುಟ್ಟಾಗಿಯೇ ಉಳಿಯುತ್ತದೆ. ಆದಿಕಾಂಡ 1:27 ದೇಹದ ಭೇದವನ್ನು ದೇವಸ್ವರೂಪದ ಮಾತಿನೊಡನೆಯೇ ಹೇಳುತ್ತದೆ. ಅಲ್ಲಿ ಯಾರಿಗೂ ಕೆಲಸದ ಪಟ್ಟಿಯನ್ನು ಹಂಚುವುದಿಲ್ಲ, ಭೂಮಿಯ ಪಾಲನೆಯನ್ನು ಇಬ್ಬರಿಗೂ ಕೂಡಿಯೇ ಒಪ್ಪಿಸುತ್ತದೆ. ಹುಟ್ಟಿನಿಂದಲೇ ಈ ಎಣಿಕೆಗೆ ನಿಲುಕದವರೂ ಇರುವರೆಂಬುದನ್ನು ಮತ್ತಾಯ 19:12ರಲ್ಲಿ ಕರ್ತನು ನಿಂದೆಯಿಲ್ಲದೆ ಗುರುತಿಸಿದನು. ಆದುದರಿಂದ ದೇಹವನ್ನು ಮರೆಮಾಡದೆಯೇ ಪಾತ್ರಗಳ ಹೊರೆಯನ್ನು ಇಳಿಸಬಹುದು.

ಮೂರನೆಯದು ಹೆಚ್ಚು ಗಂಭೀರ. ಎಕ್ಸ್ ಗೆಲ್ಲುತ್ತದೆ, ಅಡಿಗೆಯ ಸ್ಪರ್ಧೆಯಲ್ಲಿ ಒಲೆ ಹೊತ್ತಿಸಲು ಮರೆತುದೊಂದೇ ಅದರ ಸೋಲು, ಅದೂ ನಗೆಗಾಗಿ. ಕೊನೆಗೆ ತಜ್ಞರ ತೀರ್ಪೇ ಅದನ್ನು ನಿರ್ದೋಷಿಯೆಂದು ಸ್ಥಾಪಿಸುತ್ತದೆ. ಓಟದಲ್ಲಿ ಹಿಂದುಳಿದು, ಪಾಠದಲ್ಲಿಯೂ ಸೋತ ಮಗುವಾಗಿದ್ದರೆ ಅದಕ್ಕೆ ತನ್ನಂತೆ ಇರುವ ಹಕ್ಕು ಇರುತ್ತಿರಲಿಲ್ಲವೇ? ಸಾಧನೆಯಿಂದ ನೀತಿವಂತನೆನಿಸಿಕೊಳ್ಳುವ ಮಾರ್ಗವನ್ನು ಸುವಾರ್ತೆಯು ಮುಚ್ಚಿಬಿಟ್ಟಿದೆ.

ಆದರೆ ಈ ಮೂರು ಆಕ್ಷೇಪಗಳೂ ತಿರುಗಿ ನಮ್ಮನ್ನೇ ಮುಟ್ಟುತ್ತವೆ. ಅಚ್ಚಾಗದ ಕೈಪಿಡಿಯೊಂದು ನಮ್ಮ ಸಭೆಗಳಲ್ಲಿಯೂ ಇದೆ. ಹಲವು ವರ್ಷಗಳ ಹಿಂದೆ, ಕ್ರಿಸ್ಮಸ್ ಸಿದ್ಧತೆಯ ಒಂದು ಸಂಜೆ, ವೇದಪಾಠದ ಅಭ್ಯಾಸಕ್ಕೆ ಹುಡುಗರನ್ನೂ ಹೂ ಕಟ್ಟುವುದಕ್ಕೆ ಹುಡುಗಿಯರನ್ನೂ ನಾನೇ ನೇಮಿಸಿದೆ. ಚೆನ್ನಾಗಿ ಹೂ ಕಟ್ಟಬಲ್ಲ ಹುಡುಗನೊಬ್ಬನು ಹುಡುಗಿಯರ ನಡುವೆ ಕುಳಿತಿದ್ದುದನ್ನು ಕಂಡು ಪರಿಹಾಸ್ಯಮಾಡಿ ಎಬ್ಬಿಸಿದೆ. ಎಲ್ಲರೂ ನಕ್ಕರು. ಆತನು ವೇದಪಾಠಕ್ಕೂ ಬರಲಿಲ್ಲ, ಮತ್ತೆ ಹೂವಿನ ಬಳಿಗೂ ಹೋಗಲಿಲ್ಲ. ಮಕ್ಕಳನ್ನು ಕೆಣಕಬಾರದೆಂಬ ಎಫೆಸದ ಎಚ್ಚರಿಕೆಯನ್ನು ಅದೇ ವರ್ಷ ನಾನು ಪೀಠದಿಂದ ಬೋಧಿಸಿದ್ದೆ. ನನ್ನ ನಗೆಯೇ ಆ ಕೆಣಕುವಿಕೆಯೆಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು.

ಗಲಾತ್ಯ 3:28ರಲ್ಲಿ ಮೊದಲ ಎರಡು ಜೋಡಿಗಳನ್ನು ‘ಇಲ್ಲ, ಇಲ್ಲ’ ಎಂದು ನಿರಾಕರಿಸುವ ಪೌಲನು ಮೂರನೆಯದರಲ್ಲಿ ವಾಕ್ಯರಚನೆಯನ್ನು ಬದಲಿಸಿ, ಆದಿಕಾಂಡದ ಗ್ರೀಕ್ ಅನುವಾದದ ‘ಗಂಡು ಮತ್ತು ಹೆಣ್ಣು’ ಎಂಬ ಪದಗಳನ್ನೇ ಬಳಸುತ್ತಾನೆ. ಅವನು ಸೃಷ್ಟಿಯನ್ನು ಅಳಿಸುತ್ತಿಲ್ಲ; ಅದರ ಹೆಸರಿನಲ್ಲಿ ಕಟ್ಟಿದ ಹೆಚ್ಚು-ಕಡಿಮೆಯನ್ನು ಅಳಿಸುತ್ತಿದ್ದಾನೆ. ಅದರ ಹಿಂದಿನ ವಚನವು ದೀಕ್ಷಾಸ್ನಾನದಲ್ಲಿ ಕ್ರಿಸ್ತನನ್ನು ಧರಿಸಿಕೊಳ್ಳುವುದನ್ನು ಕುರಿತದ್ದು. ಗೂಲ್ಡ್ ಅವರ ಕಥೆಯ ಮಕ್ಕಳು ಎಕ್ಸ್‌ನಂಥ ಉಡುಪಿಗಾಗಿ ಹಟ ಹಿಡಿಯುತ್ತಾರೆ. ನಮ್ಮ ಮಕ್ಕಳಿಗೆ ಒಂದೇ ವಸ್ತ್ರವನ್ನು ಆಗಲೇ ತೊಡಿಸಲಾಗಿದೆ.

2013ರಲ್ಲಿ ದಕ್ಷಿಣ ಭಾರತ ಸಭೆಯು ಇ. ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪರನ್ನಾಗಿ ಅಭಿಷೇಕಿಸಿತು. ಹಾಗಿರುವಾಗ ಭಾನುವಾರದ ಶಾಲೆಯಲ್ಲಿ ಹುಡುಗಿಗೆ ಹೂದಾನಿಯನ್ನೇ ಕೊಡುವ ಅಭ್ಯಾಸವನ್ನು ಯಾವ ದೈವಶಾಸ್ತ್ರದಿಂದ ಸಮರ್ಥಿಸೋಣ? ಸೇವೆಗೆ ಸಿದ್ಧರಾಗುತ್ತಿರುವ ಸೋದರ ಸೋದರಿಯರು ಗೂಲ್ಡ್ ಅವರ ಕೈಪಿಡಿಯನ್ನು ಸ್ವೀಕರಿಸಬೇಕಾಗಿಲ್ಲ. ತಮ್ಮ ಕೈಯಲ್ಲಿರುವ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ, ಅದರಲ್ಲಿ ಕರ್ತನು ಬರೆಯದ ಪುಟಗಳನ್ನು ಗುರುತಿಸಿದರೆ ಸಾಕು.